ಜೋಡಿಗೆ ಯಾರು ಬಂದಾರ?

ಓದಲೇಬಾರದ ವಿಷಯಗಳು ಕೆಲವಿವೆ, ನೆನಪು ಅವುಗಳಲ್ಲೊಂದು. ಹಲ್ಲಿನ ಬಗ್ಗೆ ಓದಿದವನ ಹಲ್ಲು ಉದುರುವುದಿಲ್ಲ, ಕಣ್ಣಿನ ಬಗ್ಗೆ ಓದಿದವನಿಗೆ ಪೊರೆ ಬರುವುದಿಲ್ಲ. ಆದರೆ ನಡೆಯದೇ ಇದ್ದದ್ದನ್ನೂ ಮನುಷ್ಯ ನಡೆದಿದೆ ಎಂದು ಹೇಗೆ ನೆನಪಿಟ್ಟುಕೊಳ್ಳುತ್ತಾನೆ ಎಂಬುದರ ಮೇಲೆ ಪಿಎಚ್‌ಡಿ ಮಾಡಲು ಹೊರಟ ದಿನದಿಂದ ನನಗೆ ನನ್ನ ತಲೆಯ ಮೇಲಿನ ನಂಬಿಕೆಯೇ ಹೋಗಿದೆ. ಲಿಂಗಸುಗೂರಿನ ಬಸ್‌ಸ್ಟ್ಯಾಂಡಿನ ಎದುರು ಗೆಳೆಯನೊಬ್ಬನ ಜೊತೆ ನಿಂತು ಒಗ್ಗರಣಿ-ಮಿರ್ಚಿ ತಿಂದದ್ದು, ಖಾರಕ್ಕೆ ಅವನ ಕಣ್ಣಲ್ಲಿ ನೀರು ಬಂದದ್ದು ನನಗೆ ಕಣ್ಣಿಗೆ ಕಟ್ಟಿದ ಹಾಗಿದೆ. ಆ ಗೆಳೆಯ ಹೇಳುತ್ತಾನೆ, ಅಲ್ಲಿ ಇದ್ದದ್ದು ನಾನಲ್ಲವಂತೆ, ಅವನ ಅಳಿಯನಂತೆ. ನೀರು ಬಂದದ್ದೂ ಅಳಿಯನ ಕಣ್ಣಲ್ಲಂತೆ. ಹಾಗಾದರೆ ಆ ಮಿರ್ಚಿ ಇಷ್ಟು ವರ್ಷ ನನ್ನ ನಾಲಿಗೆಯ ಮೇಲೆ ಏನು ಮಾಡುತ್ತಿತ್ತು? ಇಂಥ ತಲೆಯಿಂದ ಬರೆಯುತ್ತಿರುವ ಈ ಬರಹದಲ್ಲಿ ಜನರ ಹೆಸರುಗಳನ್ನು ಬದಲಿಸಿದ್ದೇನೆ. ಬದಲಿಸಿದ್ದೇನೆಂದು ನನ್ನ ನೆನಪು.

ಈ ವಿದ್ಯೆಯ ಪೂರ್ತಿ ಲಾಭ ಪಡೆದವಳು ನನ್ನ ಹೆಂಡತಿ ಗೀತಾ. ಅವಳು ಸಿಂಧನೂರಿನಲ್ಲಿ ಬ್ಯಾಂಕಿನ ಕೆಲಸದಲ್ಲಿದ್ದಾಳೆ. ನಮ್ಮ ಮನೆಯಲ್ಲಿ ಓದು ಮುಗಿದವಳು, ಸಂಬಳ ಬರುವವಳು ಅವಳೊಬ್ಬಳೇ. ಒಂದು ಸಂಜೆ, ಬೇಳೆ ತರಲು ಹೇಳಿದ್ದೆ ಎಂದಳು. ಹೇಳಿರಲಿಲ್ಲ ಎಂದೆ.

“ಮನಷ್ಯಾನ ನೆನಪು ನಂಬಾಂಗಿಲ್ಲ ಅಂತ ನೀವ ಹೇಳೀರಲ್ರಿ?”

“ಹೌದು. ಆದ್ರ ಅದು ನಿನಗೂ ಅಷ್ಟ ಅಲ್ಲೇನು?”

“ನಾ ಅದನ್ನ ಓದಿಲ್ರಿ. ಓದಿದವ್ರಿಗಷ್ಟ ಅದು. ನಡೀರಿ, ಬ್ಯಾಳಿ ತರ್ರಿ.”

ಅಪ್ಪ ಒಳಕೋಣೆಯಲ್ಲಿ ಬುದ್ಧನ ಫೋಟೋ ಮುಂದೆ ಕಣ್ಣು ಮುಚ್ಚಿ ಕೂತಿದ್ದವರು ಕಣ್ಣು ತೆರೆಯದೆಯೇ ನಕ್ಕರು. ಅವರು ದಿನಾ ಹಾಗೆ ಕೂತು ಮನಸ್ಸನ್ನು ನಿಲ್ಲಿಸುತ್ತಾರೆ. ನಾನೂ ಪ್ರಯತ್ನಿಸಿದ್ದೇನೆ. ನನ್ನ ಮನಸ್ಸು ಲಿಂಗಸುಗೂರಿನ ಬಸ್ಸಿನ ಹಾಗೆ. ನಿಲ್ಲುತ್ತದೆ ಎಂದು ನಂಬಿ ಒಂದು ಕಾಲು ಇಟ್ಟರೆ ಹೊರಟೇಬಿಡುತ್ತದೆ.

ಇರಲಿ, ನಾನು ಹೇಳಹೊರಟದ್ದು ಬೇರೆ. ಕ್ಲಿನಿಕಲ್ ಸೈಕಾಲಜಿಯಲ್ಲಿ ಡಾಕ್ಟರೇಟ್ ಎಂದರೆ ಬರೀ ಪುಸ್ತಕ ಓದಿ ಪ್ರಬಂಧ ಬರೆದರೆ ಮುಗಿಯುವುದಿಲ್ಲ. ಮನಸ್ಸಿಗೆ ನೋವಾದವರ ಎದುರು ವರ್ಷಗಟ್ಟಲೆ ಕೂರಬೇಕು, ಗೈಡ್ ಅದನ್ನು ನೋಡಿ ಸರಿ ಅನ್ನಬೇಕು. ‘ವೈವಿಧ್ಯಮಯ ಸಮುದಾಯಗಳ ನಡುವೆ ತರಬೇತಿ’ ಎಂದು ನಮ್ಮ ವಿಭಾಗದವರು ಇದಕ್ಕೆ ಗಂಭೀರವಾದ ಹೆಸರಿಟ್ಟಿದ್ದಾರೆ. ನನ್ನ ಪಾಲಿಗೆ ಅದರ ಅರ್ಥ ಸೋಮವಾರ ಸಿಂಧನೂರು, ಬುಧವಾರ ಮಸ್ಕಿ, ಶುಕ್ರವಾರ ಲಿಂಗಸುಗೂರು. ವೈವಿಧ್ಯಕ್ಕೆ ಮಾತ್ರ ಕೊರತೆಯಿಲ್ಲ. ಗೊರೇಬಾಳದ ಕಡೆ ಆಂಧ್ರದಿಂದ ಬಂದು ನೆಲೆಸಿದ ರೈತರ ಭತ್ತದ ಕ್ಯಾಂಪುಗಳಿಂದ ಬಂದವರು ಅರ್ಧ ದುಃಖವನ್ನು ಕನ್ನಡದಲ್ಲಿ ಹೇಳಿ, ಮುಖ್ಯವಾದ ಇನ್ನರ್ಧಕ್ಕೆ ಬಂದಾಗ ತೆಲುಗಿಗೆ ಹೊರಳಿಬಿಡುತ್ತಾರೆ. ಹಟ್ಟಿಯ ಚಿನ್ನದ ಗಣಿಯವರನ್ನು “ರಾತ್ರಿ ನಿದ್ದಿ ಬರ್ತೈತೇನ್ರಿ?” ಎಂದು ಕೇಳಿದರೆ “ಯಾವ ಶಿಫ್ಟಿನ ವಾರದಾಗ ರೀ?” ಎಂದು ನನ್ನನ್ನೇ ಕೇಳುತ್ತಾರೆ. ಎಲ್ಲ ಸಮುದಾಯದವರೂ ಒಂದಾಗಿ ಕೇಳುವ ಪ್ರಶ್ನೆಯೂ ಒಂದಿದೆ: “ಸೂಜಿ ಮಾಡಂಗಿಲ್ಲೇನ್ರಿ?” ಇಂಜೆಕ್ಷನ್ ಇಲ್ಲ, ಬರೀ ಮಾತು ಎಂದರೆ ಅವರ ಮುಖದಲ್ಲಿ ನನ್ನ ಬಗ್ಗೆ ಒಂದು ಬಗೆಯ ಅನುಕಂಪ ಮೂಡುತ್ತದೆ.

ತೊಂದರೆ ಇದ್ದದ್ದು ಅಲ್ಲಲ್ಲ. ನಮ್ಮ ಗೈಡ್ ವಸುಧಾ ಮೇಡಂ ಮೈಸೂರಿನವರು, ನಿಯಮ ಎಂದರೆ ನಿಯಮ ಅನ್ನುವವರು. ಕೊನೆಯ ವರ್ಷಕ್ಕೆ ಹೋಗಬೇಕಾದರೆ ಅವರ ಕಣ್ಣೆದುರು ಒಂದು ಸೆಷನ್ ನಡೆಸಿ ತೋರಿಸಬೇಕು: ನಾನು, ನನ್ನ ಎದುರು ಬಂದವರು ಒಬ್ಬರೇ, ನಡುವೆ ಮೂರನೆಯವರು ಬಾಯಿ ಹಾಕುವಂತಿಲ್ಲ. ತೋರಿಸದಿದ್ದರೆ ಮತ್ತೆ ಆರು ತಿಂಗಳು ಇದೇ ತಿರುಗಾಟ. ಆಗಲೇ ಎರಡು ಸಲ ಹಾಗೆ ಮುಂದಕ್ಕೆ ಹೋಗಿತ್ತು. “ನಿಮ್ಮ ಓದು ಮುಗಿಯೋದ್ರಾಗ ನನಗ ಪೆನ್ಷನ್ ಬರ್ತೈತಿ ನೋಡ್ರಿ” ಎಂದು ಗೀತಾ ಹೇಳಿದ್ದಳು. ಇದು ಮಾತ್ರ ಅವಳು ಹೇಳಿದ್ದೇ; ನನ್ನ ನೆನಪು ಎಷ್ಟೇ ಕೆಟ್ಟಿದ್ದರೂ ಇಂಥದ್ದನ್ನು ತಾನಾಗಿ ಹುಟ್ಟಿಸಿಕೊಳ್ಳುವುದಿಲ್ಲ.

ಒಬ್ಬರೇ ಬರುವುದು! ಮೈಸೂರಿನಲ್ಲಿ ಕೂತು ಈ ನಿಯಮ ಬರೆದವರು ನಮ್ಮ ಕಡೆಯ ಯಾವ ದವಾಖಾನೆಗೂ ಕಾಲಿಟ್ಟಿರಲಾರರು. ಇಲ್ಲಿ ದವಾಖಾನೆಗೆ ಒಬ್ಬರೇ ಹೋಗುವುದು ಎಂದರೆ ಲೋಕದಲ್ಲಿ ತನಗೆ ಯಾರೂ ಇಲ್ಲ ಎಂದು ಸಾರಿದ ಹಾಗೆ. ಜ್ವರ ಬಂದವನ ಜೊತೆ ಅಣ್ಣ, ಅಣ್ಣನ ಜೊತೆ ಅವನ ಗೆಳೆಯ, ಬಜಾರದಲ್ಲಿ ಹೇಗೂ ಕೆಲಸವಿತ್ತು ಅಂತ ಗೆಳೆಯನ ಹೆಂಡತಿ. ಬಾಗಿಲಲ್ಲಿ ಮೊದಲು ಕೇಳುವುದು ಏನಾಗಿದೆ ಎಂದಲ್ಲ, “ಜೋಡಿಗೆ ಯಾರು ಬಂದಾರ?” ಎಂದು. ಬಂದವರು ಸುಮ್ಮನೆ ಬಂದಿರುವುದಿಲ್ಲ, ಉತ್ತರ ಹೇಳಲು ಬಂದಿರುತ್ತಾರೆ. ರೋಗ ಒಬ್ಬರದು, ಹೇಳುವುದು ಉಳಿದವರದು ಎಂದು ಎಂದೋ ಕೆಲಸ ಹಂಚಿಕೊಂಡಾಗಿದೆ. “ಜರಾ ಹೊರಗ ಕೂಡ್ರಿ” ಎಂದರೆ “ಹೂನ್ರಿ” ಎಂದು ತುಂಬ ವಿನಯದಿಂದ ಕುರ್ಚಿಯನ್ನು ಇನ್ನಷ್ಟು ಹತ್ತಿರಕ್ಕೆ ಎಳೆದುಕೊಳ್ಳುತ್ತಾರೆ.

ಮೇಡಂ ಲಿಂಗಸುಗೂರಿಗೆ ಬಂದ ಶುಕ್ರವಾರ ನನ್ನ ಎದುರು ಬಂದವರು ಮುದಗಲ್ಲಿನ ಬೀಬಿಜಾನ್. ಮಗಳ ಮದುವೆಯಾದ ಮೇಲೆ ನಿದ್ದೆ ಹಾರಿಹೋಗಿತ್ತು, ಎದೆ ಡವಡವ ಅನ್ನುತ್ತಿತ್ತು. ಜೋಡಿಗೆ ಬಂದವರು ಬಟ್ಟೆ ಅಂಗಡಿ ಇಟ್ಟಿರುವ ಗಂಡ ಮೌಲಾಸಾಬ್, ಒಬ್ಬ ನಾದಿನಿ, ಪಕ್ಕದ ಮನೆಯ ಶಾಂತಮ್ಮ. ಮೇಡಂ ಮೂಲೆಯ ಕುರ್ಚಿಯಲ್ಲಿ ಪೆನ್ನು ಹಿಡಿದು ಕೂತರು. ನಾನು ಪುಸ್ತಕದಲ್ಲಿದ್ದಷ್ಟೂ ಮೃದುವಾದ ದನಿ ತೆಗೆದು ಬೀಬಿಜಾನರನ್ನು ಕೇಳಿದೆ: “ಹೆಂಗದೀರಿ?”

“ಆರಾಮ ಅದೀನ್ರಿ. ನೀವು ಆರಾಮ?” ಎಂದರು ಅವರು. ಈ ಪ್ರಶ್ನೆಗೆ ನಮ್ಮ ಕಡೆ ಬೇರೆ ಉತ್ತರವಿಲ್ಲ. ಸ್ಟ್ರೆಚರ್ ಮೇಲೆ ಮಲಗಿ ಬಂದವರೂ ಇದನ್ನೇ ಹೇಳುತ್ತಾರೆ. ಮೇಡಂ ಮೂಲೆಯಲ್ಲಿ ಏನೋ ಬರೆದುಕೊಂಡರು.

“ನಿದ್ದಿ ಬರ್ತೈತೇನ್ರಿ?”

“ಎಲ್ಲಿ ನಿದ್ದಿ ಸರ,” ಎಂದರು ಶಾಂತಮ್ಮ. “ಇಡೀ ರಾತ್ರಿ ಮಗ್ಗಲಾ ಬದಲಸ್ತಾಳ.”

“ಅದು ನಿಮಗ ಹೆಂಗ ಗೊತ್ತು?”

“ನಡುವ ಒಂದ ಗ್ವಾಡಿ ಐತ್ರಿ.”

“ಊಟ?” ಎಂದು ಬೀಬಿಜಾನರ ಕಡೆಗೇ ನೋಡಿ ಕೇಳಿದೆ.

“ಊಟ ಮಾಡ್ತಾಳ್ರಿ, ಎರಡು ರೊಟ್ಟಿ,” ಎಂದರು ಮೌಲಾಸಾಬ್.

“ಅವು ಎರಡೂ ನೀ ತಿಂದಿದ್ದು,” ಎಂದಳು ನಾದಿನಿ. “ಆಕಿ ತಾಟ್ನ್ಯಾಗಿಂದು ಎತ್ತಿ ನಿನ್ನ ತಾಟ್ನ್ಯಾಗ ಹಾಕ್ತಾಳ. ನೀ ಮೊಬೈಲ್ ನೋಡಾಕತ್ತಿರ್ತಿ.”

ಮೌಲಾಸಾಬರ ಮುಖ ನೋಡುವ ಹಾಗಿತ್ತು. ಮಗಳ ಮದುವೆಯಾದ ಮೇಲೆ ತನಗೆ ಯಾಕೆ ಹೊಟ್ಟೆ ಬಂದಿದೆ ಎಂಬುದು ಅವರಿಗೆ ಆಗಲೇ ಹೊಳೆದಂತಿತ್ತು. ಬೀಬಿಜಾನ್ ಮಾತ್ರ ಬೇರೆ ಯಾರದೋ ಕಥೆ ಕೇಳುವವರ ಹಾಗೆ ಆಸಕ್ತಿಯಿಂದ ಕೂತಿದ್ದರು.

ಮಾತು ಕೈತಪ್ಪುತ್ತಿದೆ ಅನ್ನಿಸಿ ನೆನಪಿನ ಪರೀಕ್ಷೆಗೆ ಹೊರಳಿದೆ. ಕೆಲವು ಪದ ಹೇಳುವುದು, ಆಮೇಲೆ ಬೇರೆ ಮಾತಾಡಿ, ಅವನ್ನು ಮತ್ತೆ ಹೇಳಿಸುವುದು. ಚೀಟಿ ನೋಡಿ ಓದಬಹುದಿತ್ತು. ಮೇಡಂ ನೋಡುತ್ತಿದ್ದಾರಲ್ಲ ಎಂಬ ಹುಮ್ಮಸ್ಸಿಗೆ ಬಾಯಿಂದಲೇ ಹೇಳಿದೆ. ಸ್ವಲ್ಪ ಹೊತ್ತಿನ ಮೇಲೆ ಕೇಳಿದಾಗ ಬೀಬಿಜಾನ್ “ಕನ್ನಡಿ, ಕುದುರಿ, ಬಾಳಿಹಣ್ಣು, ಕೀಲಿ” ಎಂದರು. ಹಿಂದೆ ಕೂತ ಮೂವರ ತುಟಿಗಳೂ ಜೊತೆಗೇ ಆಡಿದವು.

“ಛಲೋ ಆತ್ರಿ. ಒಂದು ಬಿಟ್ರಿ. ಛತ್ರಿ.”

“ಛತ್ರಿ ಅಂದಿಲ್ರಿ ನೀವು,” ಎಂದರು ಬೀಬಿಜಾನ್, ಆ ದಿನ ಮೊದಲ ಬಾರಿಗೆ ಸ್ವಂತ ದನಿಯಲ್ಲಿ.

“ಅಂದೆ.”

“ಅಂದಿಲ್ರಿ,” ಎಂದಿತು ಇಡೀ ಕುಟುಂಬ, ಶಾಂತಮ್ಮನೂ ಸೇರಿ. ನಾನು ಮೂಲೆಯ ಕಡೆ ನೋಡಿದೆ. ಮೇಡಂ ಕನ್ನಡಕ ತೆಗೆದು ಒರೆಸುತ್ತಾ, “ಛತ್ರಿ ಅನ್ನಲಿಲ್ಲ ನೀವು,” ಎಂದರು. ನನಗೆ ಛತ್ರಿಯ ಬಣ್ಣವೂ ನೆನಪಿತ್ತು!

ಆಗ ಮೇಡಂ ಎದ್ದು, “ದಯವಿಟ್ಟು ಎಲ್ಲರೂ ಹೊರಗಡೆ ಇರಿ,” ಎಂದರು. ಆ ದನಿಗೆ ಎಲ್ಲರೂ ಎದ್ದರು. ಎಲ್ಲರೂ ಹೋದರು. ಬೀಬಿಜಾನರೂ ಹೋದರು. ಹೋಗಿ ಕರೆದುಕೊಂಡು ಬಂದೆ. “ನಾ ಒಬ್ಬಾಕಿನ ರೀ?” ಎಂದು ಬಾಗಿಲಲ್ಲಿ ನಿಂತು ಕೇಳಿದರು. ಹೌದೆಂದೆ. ಬಂದು ಕುರ್ಚಿಯ ತುದಿಯಲ್ಲಿ ಕೂತರು. ಬಾಗಿಲು ಮುಚ್ಚಿತು. ನಾನು, ಅವರು ಒಬ್ಬರೇ, ಮೂಲೆಯಲ್ಲಿ ಮೇಡಂ. ಒಂದು ವರ್ಷದಿಂದ ಕಾದದ್ದು ಇದಕ್ಕೇ. ನನ್ನ ಎದೆಯೇ ಡವಡವ ಅನ್ನತೊಡಗಿತು. ಪುಸ್ತಕದಲ್ಲಿ ಹೇಳಿದ ಹಾಗೆ ಮೌನಕ್ಕೆ ಅವಕಾಶ ಕೊಟ್ಟೆ. ಮೌನ ಬೆಳೆಯಿತು. ಬೀಬಿಜಾನ್ ಸೆರಗಿನ ತುದಿ ಸುತ್ತಿದರು, ಬಿಚ್ಚಿದರು, ಕೊನೆಗೆ ತಲೆಯೆತ್ತಿ ಬಾಯಿ ತೆರೆದರು.

“ಸರ, ತಪ್ಪು ತಿಳ್ಕೋಬ್ಯಾಡ್ರಿ. ಒಂದು ಮಾತೈತಿ. ಗಂಡಸರ ಮುಂದ ಹೇಳಾಂಗಿಲ್ಲ. ನೀವು ಜರಾ ಹೊರಗ ಕೂಡ್ರಿ.”

ನಾನು ಮೇಡಂ ಕಡೆ ನೋಡಿದೆ. ಮೇಡಂ ಬಾಗಿಲ ಕಡೆ ನೋಡಿದರು. ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಳ್ಳುವ ಆಸೆ ನನಗೂ ಆಯಿತು. ಆದರೆ ಹೊರಗೆ ಬಂದೆ.

ಹೊರಗಿನ ಬೆಂಚಿನ ಮೇಲೆ ಮೌಲಾಸಾಬ್ ಸರಿದು ಜಾಗ ಕೊಟ್ಟರು. ಅಷ್ಟರಲ್ಲಿ ಮೇಡಂ ಬಾಗಿಲು ಸರಿಸಿ “ಶಾಂತಮ್ಮನವರು ಒಳಗೆ ಬರಬೇಕಂತೆ” ಎಂದರು. ಸ್ವಲ್ಪ ಹೊತ್ತಿಗೆ ನಾದಿನಿಯೂ ಬರಬೇಕಾಯಿತು. ಮೊದಲು ಪಿಸುಮಾತು, ನಡುವೆ ಯಾರೋ ಅತ್ತದ್ದು, ಆಮೇಲೆ ನಾಲ್ವರೂ ಒಟ್ಟಿಗೆ ಬಿದ್ದು ಬಿದ್ದು ನಕ್ಕದ್ದು ಕೇಳಿಸಿತು. ಮೇಡಂ ನಗುತ್ತಾರೆ ಎಂಬುದೇ ನನಗೆ ಹೊಸ ಸುದ್ದಿ. ಅವರು ಏನು ಮಾತಾಡಿದರೋ ನನಗೆ ಇಂದಿಗೂ ಗೊತ್ತಿಲ್ಲ. ಗೊತ್ತಿದ್ದರೂ ಬರೆಯುವ ಹಾಗಿಲ್ಲ.

“ಇವತ್ತು ನಿಮ್ದು ಪರೀಕ್ಷಾ ಐತೇನ್ರಿ?” ಎಂದರು ಮೌಲಾಸಾಬ್.

“ಹಂಗೇನಿಲ್ರಿ” ಎಂದೆ. ಆಮೇಲೆ ಎಲ್ಲ ಹೇಳಿದೆ. ಅವರು ಚಹಾ ತರಿಸಿದರು. ನಾನು ಆರು ತಿಂಗಳ ಭಯ ಹೇಳಿದೆ, ಗೀತಾಳ ಪೆನ್ಷನ್ ಹೇಳಿದೆ, ತಿನ್ನದ ಮಿರ್ಚಿ, ಹೇಳದ ಛತ್ರಿ ಎಲ್ಲ ಹೇಳಿದೆ. ಅವರು ನಡುವೆ “ಹೌದೌದು” ಎನ್ನುತ್ತಾ ಕೇಳಿದರು. ಅಂಗಡಿಯಲ್ಲಿ ಗಿರಾಕಿಗಳು ಥಾನುಗಟ್ಟಲೆ ಬಟ್ಟೆ ಬಿಚ್ಚಿಸಿ ಏನೂ ಕೊಳ್ಳದೆ ಹೋಗುವುದನ್ನು ಸಹಿಸಿಕೊಂಡ ಮನುಷ್ಯ. ಅವರಿಗೆ ನಾನು ಯಾವ ಲೆಕ್ಕ.

ಕೊನೆಗೆ ಹೆಂಗಸರು ಹೊರಗೆ ಬಂದರು. ಬೀಬಿಜಾನರ ಕಣ್ಣು ಕೆಂಪಾಗಿತ್ತು, ಮುಖ ಹಗುರಾಗಿತ್ತು. ಮೇಡಂ ನನ್ನನ್ನು ಕರೆದರು. ನಾನು ಎದ್ದೆ. ಮೌಲಾಸಾಬರೂ ಎದ್ದರು.

“ನೀವೆಲ್ಲಿಗ್ರಿ?”

“ನಿಮ್ಮ ಜೋಡಿಗೆ ಯಾರೂ ಬಂದಿಲ್ಲಲ್ರಿ,” ಎಂದರು ಅವರು ಆಶ್ಚರ್ಯದಿಂದ. ನಾನು ಬೇಡ ಅನ್ನುವಷ್ಟರಲ್ಲಿ ಒಳಗೆ ಹೋಗಿ ನನ್ನ ಪಕ್ಕದ ಕುರ್ಚಿಯಲ್ಲಿ ಕೂತಾಗಿತ್ತು.

ಮೇಡಂ ಅವರನ್ನು ನೋಡಿ, ನನ್ನನ್ನು ನೋಡಿ ಕೇಳಿದರು: “ಹೊರಗೆ ಹೋಗಿ ಅಂದಾಗ ನಿಮಗೆ ಏನನ್ನಿಸಿತು?”

“ಎದಿ ಧಸಕ್ ಅಂತ್ರಿ ಅವ್ರಿಗೆ,” ಎಂದರು ಮೌಲಾಸಾಬ್. “ಛಾ ಸುದ್ದಾ ಪೂರಾ ಕುಡೀಲಿಲ್ಲ.”

“ಹಾಗಲ್ಲ ಮೇಡಂ, ನಾನು...”

“ತಡೀರಿ, ನಾ ಹೇಳ್ತೀನಿ,” ಎಂದು ಮೌಲಾಸಾಬ್ ನನ್ನ ತೊಡೆ ತಟ್ಟಿದರು. “ಮನಷ್ಯಾ ಛಲೋ ಅದಾರ್ರಿ ಮೇಡಂ. ವಿಚಾರ ಭಾಳ ಮಾಡ್ತಾರ, ಅದೊಂದು ಐತಿ.”

“ಅದು ನಿಜ,” ಎಂದರು ಮೇಡಂ. “ಆದರೆ ಒಬ್ಬರ ಜೊತೆ ಸೆಷನ್ ಆಗಲಿಲ್ಲವಲ್ಲ. ಇನ್ನೊಂದು ಆರು ತಿಂಗಳು ಬೇಕಾಗುತ್ತೆ.”

“ಆರು ಭಾಳ ಆತ್ರಿ,” ಎಂದರು ಮೌಲಾಸಾಬ್. ದನಿಯಲ್ಲಿ ಅಂಗಡಿಯ ಗಲ್ಲೆಯ ಹಿಂದೆ ಕೂತವರ ಗತ್ತು ಬಂದಿತ್ತು. “ಎರಡು ಮಾಡ್ರಿ.”

“ಎರಡು ಆಗಲ್ಲ. ನಾಲ್ಕು.”

“ಮೇಡಂ, ಅವ್ರ ಮನಿಯಾಕಿ ಬ್ಯಾಂಕಿನ್ಯಾಗ ಅದಾರ. ಪೆನ್ಷನ್ ಮಾತು ಬಂದೈತಿ. ಮೂರು ಮಾಡಿ ಮುಗಸ್ರಿ. ನಿಮ್ದೂ ಬ್ಯಾಡ, ನಮ್ದೂ ಬ್ಯಾಡ.”

ಮೇಡಂ ಕನ್ನಡಕ ತೆಗೆದರು, ಹಾಕಿಕೊಂಡರು. “ಸರಿ, ಮೂರು,” ಎಂದರು. ವಿಶ್ವವಿದ್ಯಾಲಯದ ನಿಯಮವೊಂದು ಮುದಗಲ್ಲಿನ ಅಂಗಡಿಯ ಬಟ್ಟೆಯ ಹಾಗೆ ಬೇಕಾದ ಅಳತೆಗೆ ಹರಿದು ಕೈಗೆ ಬಂದದ್ದನ್ನು ನಾನು ಬಾಯಿ ಬಿಟ್ಟುಕೊಂಡು ನೋಡಿದೆ. ಇದು ಹೀಗೇ ನಡೆಯಿತು ಎಂದು ನನ್ನ ನೆನಪನ್ನು ನಂಬಿ ಹೇಳುತ್ತಿಲ್ಲ; ಸಂಶಯವಿದ್ದರೆ ಮೌಲಾಸಾಬರನ್ನು ಕೇಳಬಹುದು.

ಹೊರಗೆ ಬಂದಾಗ ಮೂವರು ಹೆಂಗಸರೂ ಬೆಂಚಿನಿಂದ ಎದ್ದು ನಿಂತರು. “ಏನಂದ್ರು ರೀ?” ಎಂದು ಬೀಬಿಜಾನ್ ಕೇಳಿದರು. ಕೇಳಿದ್ದು ನನ್ನನ್ನಲ್ಲ, ಗಂಡನನ್ನು.

“ಗಾಬರಿ ಆಗೂದೇನಿಲ್ಲ,” ಎಂದರು ಮೌಲಾಸಾಬ್. “ಮೂರು ತಿಂಗಳ ಬೇಕಂತ. ಪೂರಾ ಛಲೋ ಆಗ್ತಾರಂತ.”

“ಪಾಪ, ಒಬ್ರ ಬಂದಾರ,” ಎಂದು ಶಾಂತಮ್ಮ ನನ್ನನ್ನು ನೋಡಿ ನಿಟ್ಟುಸಿರಿಟ್ಟರು. “ಸೂಜಿ ಏನರ ಮಾಡಿದ್ರೇನು?”

“ಇಲ್ಲ, ಬರೀ ಮಾತು,” ಎಂದರು ಮೌಲಾಸಾಬ್.

ನನ್ನ ಪರವಾಗಿ ಹೇಳುವವರು ಅಷ್ಟು ಜನ ನಿಂತಿರುವಾಗ ನಡುವೆ ಬಾಯಿ ಹಾಕುವುದು ಚೆನ್ನಾಗಿ ಕಾಣುವುದಿಲ್ಲ.