ಒಂದು ತಾಸು ಹತ್ತು ನಿಮಿಷ

ಸಮಯದ ವಿಷಯದಲ್ಲಿ ನನಗೆ ಯಾರೂ ಪಾಠ ಹೇಳಬೇಕಾಗಿಲ್ಲ. ಬೀದರಿನಲ್ಲಿ ಮೂವತ್ತೈದು ವರ್ಷ ಡ್ರಿಲ್ ಮಾಸ್ತರನಾಗಿದ್ದೆ. ಗಂಟೆ ಬಾರಿಸಿ ಗೇಟು ಮುಚ್ಚಿದೆನೆಂದರೆ ಮುಗಿಯಿತು. ಹೆಡ್‌ಮಾಸ್ತರರೇ ಒಮ್ಮೆ ಹೊರಗೆ ನಿಂತಿದ್ದರು!

ಹೋದ ವರ್ಷ ಕಣ್ಣು ತೋರಿಸಲೆಂದು ಹೆಂಡತಿ ಸರೋಜಾಳ ಜೊತೆ ಬೆಂಗಳೂರಿಗೆ ಹೋಗಿದ್ದೆ. ಬೆಳಿಗ್ಗೆ ಆರಕ್ಕೆ ಔರಾದಿನಿಂದ ಅಣ್ಣನ ಮಗ ಬಸವರಾಜನ ಫೋನು.

“ಕಾಕಾ, ಅಪ್ಪ ಹೋದ್ರು. ಮಣ್ಣು ಕೊಡೋದು ಎಷ್ಟಕ್ಕ ಇಟ್ಕೋಬೇಕ್ರಿ?”

ಅಳುವ ಮುಂಚೆ ಯೋಜನೆ ಬೇಕು. ಮೊಬೈಲಿನಲ್ಲಿ ಬೆಂಗಳೂರು–ಬೀದರ ವಿಮಾನದ ದೂರ ಹುಡುಕಿದೆ. ಎರಡು ನಿಲ್ದಾಣಗಳ ನಡುವೆ ಒಂದು ಗೆರೆ. ಅದರ ಕೆಳಗೆ ಪ್ರಯಾಣದ ಸಮಯ, ಒಂದು ತಾಸು ಹತ್ತು ನಿಮಿಷ! ಹನ್ನೆರಡಕ್ಕೆ ಬೀದರ, ಒಂದಕ್ಕೆ ಭಾಲ್ಕಿ, ಎರಡೂವರೆಗೆ ಔರಾದ. ಕಾಗದದ ಮೇಲೆ ಬರೆದು ಕೆಳಗೆ ಗೆರೆ ಎಳೆದೆ.

“ನಾಲ್ಕಕ್ಕ ಇಡು. ಯಾರ ಸಲುವಾಗಿನೂ ಒಂದು ನಿಮಿಷ ತಡ ಮಾಡಬ್ಯಾಡ. ನನ್ನ ಸಲುವಾಗಿನೂ!”

ಭಾಲ್ಕಿಯ ತಂಗಿ ಕಾಶೀಬಾಯಿಗೂ ಆಜ್ಞೆ ಹೊರಟಿತು: “ಬಸ್ಸಿಗಿ ಹೋಗಬ್ಯಾಡ. ಒಂದಕ್ಕ ಬಸ್‌ಸ್ಟ್ಯಾಂಡಿನಾಗ ನಿಲ್ಲು. ಕಾರು ತರ್ತೇನಿ.”

ಸ್ನಾನ, ಇಸ್ತ್ರಿ ಅಂಗಿ, ಸರಿಯಾಗಿ ಎಂಟೂವರೆಗೆ ವಿಮಾನ ನಿಲ್ದಾಣ. ಕೌಂಟರಿನ ಹುಡುಗಿ ಹೇಳಿದಳು: “ಇವತ್ತು ಬೀದರಿಗೆ ವಿಮಾನ ಇಲ್ಲ ಸರ್.”

“ಮೊಬೈಲಿನಾಗ ಒಂದು ತಾಸು ಹತ್ತು ನಿಮಿಷ ಅಂತ ಅದಲ್ಲ!”

“ಹಾರಿದರೆ ಅಷ್ಟೇ ಸರ್.”

ಮೊಬೈಲು ದೂರ ಹೇಳಿತ್ತು. ವಿಮಾನ ಇದೆ ಎಂದು ಹೇಳಿರಲಿಲ್ಲ.

ಹೈದರಾಬಾದಿಗೆ ಹಾರಿದೆವು. ಅದೂ ತಡ. ಅಲ್ಲಿಂದ ಟ್ಯಾಕ್ಸಿ. ದಾರಿಯಲ್ಲಿ ಸರೋಜಾ ಅಂದಳು: “ಕಾಶೀಗಿ ಬಸ್ ಹತ್ತು ಅನ್ರಿ. ಬಸವರಾಜಗ ಐದಕ್ಕ ಇಡು ಅನ್ರಿ.”

“ಕೊಟ್ಟ ಟೈಮು ಬದಲಿ ಮಾಡೋದಾ? ನಾನಾ?”

“ಸತ್ತವ್ರು ಹಾಜರಿ ಕರೀತಾರೇನ್ರಿ?”

ನಾನು ಡ್ರೈವರನಿಗೆ, “ಜೋರ್ ಹೊಡಿಯಪ್ಪಾ” ಅಂದೆ.

ಬೀದರ ಮುಟ್ಟಿದಾಗ ಮೂರಕ್ಕೆ ಹತ್ತು ನಿಮಿಷ. ನೆಟ್ಟಗೆ ಔರಾದಿಗೆ ಹೋಗಿದ್ದರೆ ಅಣ್ಣನ ಮುಖವಾದರೂ ಸಿಗುತ್ತಿತ್ತು. ಆದರೆ ಭಾಲ್ಕಿಯಲ್ಲಿ ಕಾಶೀಬಾಯಿ ನಿಂತಿದ್ದಳು!

ಒಂದು ಗಂಟೆಯಿಂದ ಬಿಸಿಲಿನಲ್ಲಿ ನಿಂತಿದ್ದಳು. ಕೈಚೀಲದಲ್ಲಿ ಅಣ್ಣನಿಗೆಂದು ತಂದ ಹೂವಿನ ಹಾರ ಬಾಡಿತ್ತು.

“ಔರಾದ ಬಸ್ ಮೂರು ಹೋದವು ಅಣ್ಣಾ. ಕಂಡಕ್ಟರ್ ಎರಡು ಸಲ ಕರದ. ನಮ್ಮಣ್ಣ ಟೈಮಿಗಿ ತಪ್ಪಂಗಿಲ್ಲ ಅಂದೆ.”

ಈಗ ಬಸವರಾಜನಿಗೆ ಫೋನು ಹಚ್ಚಿದೆ. ನಾಲ್ಕಕ್ಕೆ ಹತ್ತು ನಿಮಿಷ ಇತ್ತು. ರಿಂಗಾಯಿತು, ರಿಂಗಾಯಿತು. ಯಾರೂ ಎತ್ತಲಿಲ್ಲ. ಹೆಗಲ ಮೇಲೆ ಅಪ್ಪನನ್ನು ಹೊತ್ತವನು ಫೋನು ಹೇಗೆ ಎತ್ತಿಯಾನು?

ಔರಾದಿನಲ್ಲಿ ಜನ ಮಣ್ಣು ಮುಗಿಸಿ ಹೊಲದಿಂದ ಮರಳುತ್ತಿದ್ದರು. ಬಸವರಾಜ ನನ್ನ ಕಾಲು ಹಿಡಿದು ಅತ್ತ.

“ಅರ್ಧ ತಾಸು ತಡೀರಿ ಅಂತ ಮಂದಿ ಅಂದ್ರು ಕಾಕಾ. ನಾನೇ ಕೇಳಲಿಲ್ಲ. ಸಾಲ್ಯಾಗ ನಿಮ್ಮ ಕೈಯಾಗ ಕಲ್ತವನ್ರಿ. ಸರಿಯಾಗಿ ನಾಲ್ಕಕ್ಕ ಮಣ್ಣು ಕೊಟ್ವಿ.”

ಮೂವತ್ತೈದು ವರ್ಷದಲ್ಲಿ ನನ್ನ ಪಾಠವನ್ನು ಇಷ್ಟು ಚೆನ್ನಾಗಿ ಕಲಿತ ವಿದ್ಯಾರ್ಥಿ ಇವನೊಬ್ಬನೇ!

ಹೊಲಕ್ಕೆ ಹೋಗಿ ಹಸಿ ಮಣ್ಣಿನ ಮೇಲೆ ನಾನೊಂದು ಹಿಡಿ ಹಾಕಿದೆ. ಕಾಶೀಬಾಯಿ ಬಾಡಿದ ಹಾರ ಇಟ್ಟಳು. ಬಯ್ಯಲಿಲ್ಲ. ತಿರುಗಿಯೂ ನೋಡದೆ ಕೇಳಿದಳು:

“ಈಗ ಟೈಮು ಎಷ್ಟಾತಣ್ಣಾ?”

ಕೈ ತಾನೇ ಮೇಲೆದ್ದಿತು. ಗಡಿಯಾರ ನೋಡಿದೆ.

“ಐದು ಹದಿನೇಳು,” ಅಂದೆ.

ಒಂದು ನಿಮಿಷವೂ ಆಚೆ ಈಚೆ ಇಲ್ಲ!