ಮಶೀನು ಹೇಳಿದ ಏಕಾದಶಿ

ಗೋಧಿಯ ಮಾತನ್ನು ನನಗೆ ಮೊದಲು ಹೇಳಿದವರು ಲಕ್ಷ್ಮೇಶ್ವರದಿಂದ ನಮ್ಮ ಗದಗಿನ ಕಾಲೇಜಿಗೆ ಬಂದ ಕಂಪ್ಯೂಟರ್ ಮಾಸ್ತರರು. ಎಂಬತ್ತರ ದಶಕ ಮುಗಿಯುತ್ತ ಬಂದಿತ್ತು. ಮಶೀನು ಹೊಸದು, ಆಫೀಸಿನ ನಾವೆಲ್ಲ ಹಳಬರು. ಇಂಥಲ್ಲಿ ಏನಾದರೊಂದು ನಡೆಯುತ್ತಲೇ ಇರುತ್ತದೆ.

ಗೋಧಿ

ಮಾಸ್ತರರು ಒಂದು ಫ್ಲಾಪಿ ತಂದರು. ಅದರಲ್ಲಿ ತಿಥಿ ಎಣಿಸುವ ಪ್ರೋಗ್ರಾಮು. ಯಾರು ಬೇಕಾದರೂ ಓದಬಹುದು, ತಿದ್ದಬಹುದು, ಮತ್ತೊಬ್ಬರಿಗೆ ಪುಕ್ಕಟೆ ಕೊಡಬಹುದು. ಆದರೆ ಇದ್ದದ್ದು ಬರೆದ ಸಾಲುಗಳಷ್ಟೆ. ನಡೆಸಬೇಕಾದರೆ ನಮ್ಮ ಮಶೀನಿನಲ್ಲಿ ನಾವೇ ಕಂಪೈಲ್ ಮಾಡಿಕೊಳ್ಳಬೇಕು, ಅಂದರೆ ಮಶೀನಿನ ಭಾಷೆಗೆ ತಿರುಗಿಸಿಕೊಳ್ಳಬೇಕು. ನಮ್ಮ ಹೆಡ್‌ಕ್ಲಾರ್ಕ್ ರಾಯರಿಗೆ ಇದು ಸೇರಲಿಲ್ಲ. ಮುಂಜಿಯಾದಾಗಿನಿಂದ ಒಂದು ಏಕಾದಶಿಯನ್ನೂ ತಪ್ಪಿಸದವರು. ಅವರಿಗೆ ತಿಥಿ ಜಲ್ದಿ ಬೇಕು.

"ಕೊಡೂದು ಕೊಡ್ತೀರಿ, ಬೀಸಿದ ಹಿಟ್ಟು ಕೊಡಬಾರದ? ಗೋಧಿ ಯಾಕ ಕೊಡ್ತೀರಿ?"

"ಗೋಧಿ ಆದ್ರ ಕಲ್ಲು ಹಳ್ಳು ಆರಿಸಬಹುದ್ರಿ ರಾಯರ. ಹಿಟ್ಟಾದ ಮ್ಯಾಲ ಹೆಂಗ ಆರಸ್ತೀರಿ?"

ರಾಯರು ಈ ಜಾಣಮಾತನ್ನು ಮನೆಯಲ್ಲಿಯೂ ಹೇಳಿದರಂತೆ. ಮರುದಿನದಿಂದ ಗೋಧಿ ಆರಿಸುವ ಕೆಲಸ ಅವರ ಪಾಲಿಗೇ ಬಂತು.

ಪ್ರಿನ್ಸಿಪಾಲರ ಗುಣ

ಕಂಪ್ಯೂಟರ್ ಕೋಣೆಗೆ ಚಪ್ಪಲಿ ಹೊರಗೆ ಬಿಟ್ಟು ಹೋಗಬೇಕಿತ್ತು. ಧೂಳಿಗಾಗಿ ಮಾಡಿದ ನಿಯಮ. ರಾಯರು ಕೈಯನ್ನೂ ಮುಗಿಯುತ್ತಿದ್ದರು. ಒಂದು ದಿನ ಕಂಪೈಲ್ ನಡುವೆಯೇ ನಿಂತಿತು.

"ಏನಂತೈತ್ರಿ?"

"ಒಂದು ಸಾಲಿನ ಕಡೀಕ ಅರ್ಧವಿರಾಮ ಬಿಟ್ಟೈತಂತ."

"ಎಲ್ಲಿ ಬಿಟ್ಟೈತಿ ಗೊತ್ತೈತಿ, ಏನು ಬಿಟ್ಟೈತಿ ಗೊತ್ತೈತಿ. ತಾನ ಹಚ್ಚಿದ್ರ ಕೈ ಸವೀತಾವೇನು?" ರಾಯರು ಪರದೆಯನ್ನು ದಿಟ್ಟಿಸಿ ನೋಡಿದರು. "ಇದಕ್ಕ ನಮ್ಮ ಪ್ರಿನ್ಸಿಪಾಲರ ಗುಣ ಬಂದೈತಿ."

ಒಂಬತ್ತರ ಮುಂದೆ

ಮುಂದೆ ಮಾಸ್ತರರಿಗೇ ಒಂದು ಹಳ್ಳು ಸಿಕ್ಕಿತು. ಪ್ರೋಗ್ರಾಮು ಕೆಲವು ಏಕಾದಶಿಗಳನ್ನು ಒಂದು ದಿನ ಮೊದಲೇ ತೋರಿಸುತ್ತಿತ್ತು. ಅದನ್ನು ತಿದ್ದಿ, ಹೊಸ ಫ್ಲಾಪಿಯನ್ನು ಹಳೆಯದರ ಪಕ್ಕದಲ್ಲಿಟ್ಟು, "ರಾಯರ, ಹೊಸಾದನ್ನ ಹಾಕ್ಕೊಳ್ರಿ" ಎಂದು ಮುಂಡರಗಿಗೆ ಮದುವೆಗೆ ಹೋದರು.

ಒಂದರ ಮೇಲೆ 1.9, ಇನ್ನೊಂದರ ಮೇಲೆ 1.10 ಎಂದು ಬರೆದಿತ್ತು. ರಾಯರು ದಶಾಂಶದ ಲೆಕ್ಕದಲ್ಲಿ ಗಟ್ಟಿ. ದೊಡ್ಡದು 1.9, ಅಂದಮೇಲೆ ಅದೇ ಹೊಸದು ಎಂದು ಹಳೆಯ ಗೋಧಿಯನ್ನೇ ಮತ್ತೆ ಬೀಸಿಕೊಂಡರು.

ಮಶೀನು ಹೇಳಿದ ದಿನ ಉಪವಾಸ ಮಾಡಿದರು. ಅವರ ಮನೆಯವರು ಗೋಡೆಯ ಪಂಚಾಂಗ ನೋಡಿ, ನಕ್ಕು ಸುಮ್ಮನಾದರಂತೆ. ಮರುದಿನ ಪಾರಣೆಯ ಬುತ್ತಿ ಕಟ್ಟಿಸಿಕೊಂಡು ತಮ್ಮೂರು ಮುಳಗುಂದದಿಂದ ಮೊದಲ ಬಸ್ಸಿಗೆ ಬಂದ ರಾಯರು, ಹೋಳಿಗೆಯ ಆಸೆಯಿಂದ ನಮ್ಮೆದುರೇ ಡಬ್ಬಿ ತೆರೆದರು.

ಸಾಬೂದಾಣಿ. ಮೇಲೊಂದು ಬಾಳೆಹಣ್ಣು.

"ಇವತ್ತೂ ಫಳಾರ ಕಟ್ಯಾಳಲ್ರಿ ಇಕಿ!"

ಮದುವೆ ಮುಗಿಸಿ ಬಂದಿದ್ದ ಮಾಸ್ತರರು ಕೇಳಿದರು, "ಏಕಾದಶಿ ಇವತ್ತಲ್ಲೇನ್ರಿ? ಯಾವ ಫ್ಲಾಪಿ ಹಾಕಿದ್ರಿ?"

"ದೊಡ್ಡದು. 1.9."

"ಗೀತಾ ಪಾರಾಯಣ ಮಾಡ್ತೀರಲ್ಲ, ಒಂದನೇ ಅಧ್ಯಾಯದಾಗ ಒಂಬತ್ತನೇ ಶ್ಲೋಕ ಆದ ಮ್ಯಾಲ ಯಾವುದು?"

"ಹತ್ತನೇದು."

"ಇದೂ ಹಂಗ, ತಿದ್ದಿದಾಗೊಮ್ಮೆ ನಂಬರು ಒಂದು ಏರತೈತಿ. ಆ ಚುಕ್ಕಿ ದಶಾಂಶದ್ದಲ್ರಿ. ಒಂಬತ್ತರ ಮುಂದ ಹತ್ತು."

ರಾಯರು ಬಾಳೆಹಣ್ಣಿನ ಸಿಪ್ಪೆ ಸುಲಿದರು. ವ್ರತವೇನೋ ಉಳಿದಿತ್ತು, ಮನೆಯವರ ಪುಣ್ಯದಿಂದ.

"ಹಂಗಾರ ನಿನ್ನಿ ಹಸಗೊಂಡು ಕುಂತದ್ದು?"

"ಅದು 1.9 ಏಕಾದಶಿ ರಾಯರ. ಇವತ್ತಿಂದು 1.10."

ಈ ಪ್ರಸಂಗವೂ ಪುಕ್ಕಟೆಯದೇ. ನಾಲ್ಕು ಮಂದಿಗೆ ಹೇಳಿ. ಹಳ್ಳು ಕಂಡರೆ ಆರಿಸಿ, ರುಚಿಗೆ ಬೇಕಾದ್ದು ಸೇರಿಸಿ. ನಂಬರು ಏರಿಸುವುದನ್ನು ಮಾತ್ರ ಮರೆಯಬೇಡಿ.