ಊರ ಕಸದ ಬೂದಿ, ನಮ್ಮ ಓಣಿ ಎಂಜಿನೇರ

ತಾಳಿ ಮುಟ್ಟಿ ಹೇಳು ತಂಗಿ, ಯಾರ ಮುಂದೂ ಬಾಯಿ ಬಿಡಂಗಿಲ್ಲಂತ. ಆತು, ಕೇಳು. ನಮ್ಮ ಬನಹಟ್ಟಿ ಓಣ್ಯಾಗ ನಗೂವಂಥಾದ್ದು ದಿನಾ ಒಂದು ಆಕ್ಕೈತಿ. ಆದ್ರ ಬಾಜೂ ಮನಿ ಎಂಜಿನೇರ ಬೂದಿ ಬೆನ್ನ ಹತ್ತಿದಾಗ ಆದಷ್ಟು ಯಾವಾಗ್ಲೂ ಆಗಿಲ್ಲ.

ಊರ ಕಸಾ ಸುಡಾಕ ಒಂದು ಭಟ್ಟಿ ಹಾಕಿದ್ರು, ಅದರ ಉಸ್ತುವಾರಿ ಅವಂದು. ಸುಟ್ಟ ಬೂದಿ ಬಿದ್ದು ಬಿದ್ದು ಗುಡ್ಡ ಆತು. ಇದಕ್ಕೊಂದು ದಾರಿ ಹುಡುಕು, ಇಲ್ಲಾಂದ್ರ ಭಟ್ಟಿ ಮುಚ್ಚತೇವಿ ಅಂದ್ರು ಬಾಗಲಕೋಟಿ ಸಾಹೇಬ್ರು. ಮುಚ್ಚಿದ್ರ ಕಸಾ ಮತ್ತ ನಮ್ಮ ಓಣಿ ತಿರುವಿನ್ಯಾಗ ಬಂದು ಬೀಳೂದ.

೧. ಹೊಲಕ್ಕ

ಸಾವಳಗಿ ಕಡೆ ರೈತ ಒಬ್ಬಂವ ಟ್ರ್ಯಾಕ್ಟರ್ ತಗೊಂಡು ಬಂದ. ಸಕ್ಕರಿ ಫ್ಯಾಕ್ಟರಿ ಬೂದಿ ಹೊಲಕ್ಕ ಹಾಕ್ತೇವಿ, ಇದೂ ಬೂದಿನ ಅಲ್ಲೇನು, ತುಂಬ್ರಿ ಅಂದ. ಅದು ಬರೇ ಕಬ್ಬಿನ ಸಿಪ್ಪಿದು, ಇದರಾಗ ಬ್ಯಾಟರಿ ಶೆಲ್ಲು, ಬಣ್ಣದ ಡಬ್ಬಿ, ಪ್ಲಾಸ್ಟಿಕ್ ಎಲ್ಲಾ ಸುಟ್ಟೈತಿ, ವಿಷ ಮಣ್ಣಿಗಿಳೀತೈತಿ ಅಂತ ಎಂಜಿನೇರ ತಿಳಿಸಿ ಹೇಳಿದ. ರೈತ ಬೂದಿ ಕೆದರಿದ. ಖರೇನ ಒಂದು ಶೆಲ್ಲು ಸಿಕ್ತು.

"ಬ್ಯಾಡ ಬಿಡ್ರಿ. ಕಬ್ಬ ಕಡ್ಯಾಕ ಹೋದ್ರ ಶಾಕ್ ಹೊಡದೀತು."

೨. ಹಣಿಗೆ

ತೊಳದು ಬಿಸಲಿಗೆ ಬಿಟ್ರ ವಿಷ ಎಷ್ಟು ತಗ್ಗತೈತಿ ನೋಡೂಣಂತ ಎಂಜಿನೇರ ಬೂದಿ ಸೋಸಿ, ತೊಳದು, ಉಂಡಿ ಕಟ್ಟಿ ಮಾಳಗಿ ಮ್ಯಾಲ ಒಣಗಾಕ ಇಟ್ಟಿದ್ದ. ಅವರಪ್ಪ ಜಳಕಾ ಮಾಡಿ ಮ್ಯಾಲ ಹೋದ್ರು. ವಿಭೂತಿ ಗಟ್ಟಿ ಅಂತ ತಿಳದು ಬೆರಳು ತಿಕ್ಕಿ ಹಣಿಗೆ ಒಯ್ಯೂದ್ರಾಗ ಮಗಾ ಓಡಿ ಬಂದು ಕೈ ಹಿಡದ, ಅಪ್ಪಾ, ಅದು ಊರ ಕಸದ್ದು ಅಂದ. ಮುದುಕಪ್ಪ ಮತ್ತ ಜಳಕಕ್ಕ ಹೊಂಟ್ರು. ಅರ್ಧಾ ಪಾವಟಿಗಿ ಇಳದು ನಿಂತ್ರು.

"ಬರೇ ನಮ್ಮ ಓಣಿ ಕಸದ್ದು ಬ್ಯಾರೆ ಇಟ್ಟೀಯೇನೋ?"

೩. ಹಿತ್ತಲಕ್ಕ

ಬೂದಿ ತೊಳದ ನೀರು ಎಲ್ಲಿ ಚೆಲ್ಲಬೇಕು ಅನ್ನೂದ ಹೊಸಾ ತಕರಾರಾತು. ಕಡೀಕ ತೊಳ್ಯೂದ ಬಿಟ್ಟು, ಬೂದ್ಯಾಗ ಸಿಮೆಂಟ್ ಕಲಿಸಿ ಕಲ್ಲು ಹೊಯ್ದ. ವಾರಗಟ್ಟಲೆ ನೀರಾಗಿಟ್ಟು, ಆ ನೀರು ತಪಾಸಣಿಗೆ ಕಳಿಸಿದ. ವಿಷ ಬಿಟ್ಟಿಲ್ಲಂತ ಬಂತು. ಗಟ್ಟಿ ಐತೇನು ಅನ್ನೂದೊಂದ ಉಳೀತು.

ಅದನ್ನ ನೋಡಾಕ ಸಾಹೇಬ್ರು ಬಂದ ದಿನ ಹಿತ್ತಲದಾಗ ಇಟ್ಟಿದ್ದ ಕಲ್ಲ ಇಲ್ಲ. ಎಂಜಿನೇರನ ಮಾರಿ ಆ ಬೂದಿಗಿಂತಾ ಬೆಳ್ಳಗಾತು. ಹುಡುಕಿದ್ರ, ಬಚ್ಚಲ ಹಿಂದ ಅವರವ್ವ ಅದ ಕಲ್ಲಿನ ಮ್ಯಾಲ ತೋಯ್ದ ಕೌದಿ ಎತ್ತೆತ್ತಿ ಬಡ್ಯಾಕತ್ತಿದ್ಲು. ಸಾಹೇಬ್ರು ಬಗ್ಗಿ ನೋಡಿ, ಯಾವಾಗಿಂದ ಬಡೀತೀರಿ ಅಂದ್ರು.

"ಮಳಿಗಾಲ ಮುಗದಾಗಿಂದ್ರಿ."

"ಎಲ್ಲೂ ಸೀಳಿಲ್ಲೇನು?"

"ಕೌದಿ ಸೀಳೇತ್ರಿ."

ಆಮ್ಯಾಲ ಕಲ್ಲು ಎಷ್ಟು ಗಟ್ಟಿ ಅಂತ ನೋಡೂ ಮಷಿನ್ನೂ ಅದನ್ನ ಹೇಳ್ತು. ಇವತ್ತ ಬಸ್‌ಸ್ಟ್ಯಾಂಡ್ ಮುಂದ ಹಾಸಿದ್ದು ಅದ ಬೂದಿ ಕಲ್ಲು. ಜಮಖಂಡಿ, ಮುಧೋಳದವರು ನೋಡಾಕ ಬರ್ತಾರ. ನಮ್ಮ ಓಣಿ ಹುಡುಗಂದು ಅಂತ ನಾ ಅದರ ಮ್ಯಾಲ ಚಪ್ಪಲಿ ಕಳದ ನಡೀತೇನಿ. ಆದ್ರ ಅವತ್ತ ಸಾಹೇಬ್ರು ಮಷಿನ್ನಿಗೆ ಒಯ್ತೇವಿ, ಕಲ್ಲು ಕೊಡ್ರಿ ಅಂದಾಗ ಆ ಮುದಕಿ ಏನ್ ಮಾಡಿದ್ಲು ಗೊತ್ತೇನು? ಕಲ್ಲಿನ ಮ್ಯಾಲ ಕುಂತಬಿಟ್ಲು. ಬೇಕಾದ್ರ ಮಗನ್ನ ಒಯ್ರಿ, ಇದನ್ನೇನರ ಮುಟ್ಟಿದ್ರ ನಿಮ್ಮ—

ಏ, ಸುಮ್ಕಿರು. ಬಾಗಲಾ ಬಡ್ಯಾಕತ್ತಾರ. ಆಕೀನ ಬಂದ್ಲು.

ಬರ್ರಿ ಯಕ್ಕಾ, ಬರ್ರಿ. ಈಗಷ್ಟ ಮಳಿ ಸುದ್ದಿ ಮಾತಾಡಾಕತ್ತಿದ್ವಿ.